ಕರೆಂಟ್ ಹೋತು, ಆಟ ಮುಗೀತು

ವಿಡಿಯೊ ಗೇಮ್ ಆಡಲು ಹೋದಾಗ ನಾವು ಮೊದಲು ನೋಡುತ್ತಿದ್ದದ್ದು ಸ್ಟೆಬಿಲೈಜರ್ ಮೇಲಿನ ಮುಳ್ಳನ್ನು. ಮುಳ್ಳು 200ರ ಆಚೆ ನಿಂತಿದ್ದರೆ ಆ ದಿನ ಆಟ ಐತಿ ಎಂದು ಲೆಕ್ಕ. 150ರ ಆಸುಪಾಸಿನಲ್ಲಿ ತೂಕಡಿಸುತ್ತಿದ್ದರೆ ಚಪ್ಪಲಿ ಮೆಟ್ಟಿಕೊಂಡು ವಾಪಸ್ಸು. ಸಿರುಗುಪ್ಪದ ನಮ್ಮ ಓಣಿಯಲ್ಲಿ ಆಗ, ಅಂದರೆ 1994ರ ಸುಮಾರಿಗೆ, ಆಟದ ಡಬ್ಬಿ ಇದ್ದದ್ದು ಒಂದೇ ಮನೆಯಲ್ಲಿ. ಅವರದು ಅಕ್ಕಿ ಗಿರಣಿ. ಭತ್ತ ನಾಟಿಯ ಹೊತ್ತಿಗೆ ತುಂಗಭದ್ರೆಯ ದಂಡೆಯ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಗುರ್ ಎಂದರೆ ನಮ್ಮ ಮುಳ್ಳು ಮಲಗಿಬಿಡುತ್ತಿತ್ತು.

ಮುಳ್ಳೂ ನಿಂತು, ಸರದಿಯೂ ಬಂದು, ಕಾಂಟ್ರಾ ಎಂಬ ಗುಂಡಿನಾಟದ ಕೊನೆಯ ಹಂತದವರೆಗೆ ಹೇಗೋ ಬದುಕಿಕೊಂಡು ಹೋಗಿರುತ್ತಿದ್ದೆವು. ಅಷ್ಟರಲ್ಲಿ ಟಕ್. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ದನಿ: ‘ಕರೆಂಟ್ ಹೋತಲೇ!’ ಒಂದು ತಾಸಿನ ಮೇಲೆ ಕರೆಂಟ್ ಬಂದರೆ ಮತ್ತೆ ಮೊದಲ ಹಂತದಿಂದಲೇ ಶುರು. ಆ ಡಬ್ಬಿಯೊಳಗೆ ನಡೆಯುತ್ತಿರುವ ಆಟವನ್ನು ನೆನಪಿಟ್ಟುಕೊಳ್ಳಲು ಇದ್ದ ಮುಖ್ಯ ಜಾಗ 2 ಕಿಲೋಬೈಟ್ ಮಾತ್ರ. ಎಷ್ಟನೇ ಹಂತ, ಎಷ್ಟು ಜೀವ ಉಳಿದಿದೆ, ಯಾವ ಗುಂಡು ಯಾವ ಕಡೆಗೆ ಹಾರುತ್ತಿದೆ, ಎಲ್ಲ ಅಷ್ಟರೊಳಗೆ. ಅದೂ ಕರೆಂಟ್ ಇರುವಷ್ಟು ಹೊತ್ತು ಮಾತ್ರ ಉಳಿಯುವ ನೆನಪು. ಒಳಗೆ ಸಣ್ಣ ಬ್ಯಾಟರಿ ಕೂರಿಸಿ ಆಟವನ್ನು ಉಳಿಸಿಕೊಳ್ಳುವ ಕ್ಯಾಸೆಟ್ಟುಗಳೂ ಜಪಾನಿನಲ್ಲಿ ಬಂದಿದ್ದವು. ನಮ್ಮ ಕೈಗೆ ಸಿಕ್ಕವು ಅಗ್ಗದವು.

ಈ ಮೂವತ್ತು ವರ್ಷಗಳಲ್ಲಿ ಆಟಗಳಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಹೆಚ್ಚಿನವರು ಚಿತ್ರದ ಅಂದದ ಮಾತು ಎತ್ತುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಬದಲಾವಣೆ ಇನ್ನೊಂದಿದೆ. ಆಗ ಆಟ ಮುಗಿಯುತ್ತಿತ್ತು.

ಆ ಡಬ್ಬಿಯ ಮೂಲ ಹೇಳಬೇಕು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ಬಿಟ್ಟಿತು. ಅದರ ನಕಲುಗಳು ತೈವಾನಿನಲ್ಲೂ ಆಮೇಲೆ ಚೀನಾದಲ್ಲೂ ರಾಶಿ ರಾಶಿ ತಯಾರಾದವು. ನಮ್ಮ ದೇಶದಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂದು ನಾನಾ ಹೆಸರಿನಲ್ಲಿ ಮಾರಾಟವಾದವುಗಳ ಹೊಟ್ಟೆಯೊಳಗೆಲ್ಲ ಆ ಒಂದೇ ವಂಶದ ಯಂತ್ರ. ಗಿರಣಿಯವರ ಮನೆಯದು ಮದ್ರಾಸಿನ ಬರ್ಮಾ ಬಜಾರ್‌ನಿಂದ ಬಂದದ್ದು. ಹನ್ನೊಂದು ವರ್ಷ ಹಳೆಯ ಯಂತ್ರ ನಮಗೆ ಹೊಚ್ಚ ಹೊಸದು. ಅದೇ 1994ರ ಡಿಸೆಂಬರ್‌ನಲ್ಲಿ ಸೋನಿಯವರು ಜಪಾನಿನಲ್ಲಿ ಪ್ಲೇಸ್ಟೇಷನ್ ಬಿಟ್ಟರಂತೆ. ಬಿಡಲಿ. ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಮಾರಿಯೋ ಏನೂ ಕಮ್ಮಿ ಎತ್ತರ ಜಿಗಿಯುತ್ತಿರಲಿಲ್ಲ.

ಟಿವಿಗೆ ಅದನ್ನು ಜೋಡಿಸುವುದೇ ಒಂದು ವಿದ್ಯೆ. ಹಿಂದಿನಿಂದ ಆಂಟೆನಾದ ವೈರು ಕಿತ್ತು ಅದೇ ತೂತಿಗೆ ಡಬ್ಬಿಯ ವೈರು ಚುಚ್ಚಬೇಕು. ಅಂದರೆ ಆ ಡಬ್ಬಿ ಒಂದೇ ಒಂದು ಟಿವಿಗಾಗಿ ಪ್ರಸಾರ ಮಾಡುವ ಪುಟ್ಟ ದೂರದರ್ಶನ ಕೇಂದ್ರ. ಅದರ ಅಲೆ ಹಿಡಿಯಲು ಸೋಲಿಡೇರ್ ಟಿವಿಯ ಕೊನೆಯ ಗುಂಡಿ ಒತ್ತಿ, ಪಕ್ಕದ ಸಣ್ಣ ಗಾಲಿಯನ್ನು ಉಗುರಿನಿಂದ ತಿರುವುತ್ತ ಕೂರಬೇಕು. ಮೊದಲು ಹುಳ ಹುಳ, ಆಮೇಲೆ ಗೆರೆ, ಆಮೇಲೆ ಹಾಡು, ಕಟ್ಟಕಡೆಗೆ ಬಣ್ಣ. ಈ ಕೆಲಸ ಬರುತ್ತಿದ್ದ ಹುಡುಗನಿಗೆ ಓಣಿಯಲ್ಲಿ ಭಾರಿ ಮರ್ಯಾದೆ, ಸರದಿ ಇಲ್ಲದೆ ಎರಡು ಆಟ ಬಿಟ್ಟಿ. ಶುಕ್ರವಾರ ಸಿನಿಮಾ ಹಾಡುಗಳ ‘ಚಿತ್ರಮಂಜರಿ’ಯ ಹೊತ್ತಾಯಿತು ಎಂದರೆ ಮಾತ್ರ ಯಾರ ವಿದ್ಯೆಯೂ ನಡೆಯುತ್ತಿರಲಿಲ್ಲ. ಮನೆಯ ಹೆಂಗಸರೆಲ್ಲ ಬಂದು ಕೂತರೆ ಆಂಟೆನಾ ವೈರು ತನ್ನ ಜಾಗಕ್ಕೆ ಹೋಗಲೇಬೇಕು.

ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿರುತ್ತಿತ್ತು. ಒಂದು ಕಡಿಮೆ ಕೋಟಿ ಆಟ! ನಾವು ಹುಡುಗರು ಪಟ್ಟಿಯನ್ನು ಕೊನೆಯವರೆಗೆ ಒತ್ತಿ ನೋಡುತ್ತೇವೆಂದು ಒಂದು ಭಾನುವಾರವಿಡೀ ಕೂತದ್ದುಂಟು. ಹತ್ತು ಹದಿನೈದು ಆಟ ಆದ ಮೇಲೆ ಮತ್ತೆ ಅವೇ ಬರುತ್ತಿದ್ದವು. ಒಂದೇ ಆಟವನ್ನು ಮೂರನೇ ಹಂತದಿಂದ ಶುರು ಮಾಡಿಸಿ ಬೇರೆ ಹೆಸರು, ಐದನೇ ಹಂತದಿಂದ ಶುರು ಮಾಡಿಸಿ ಮತ್ತೊಂದು ಹೆಸರು. ಮೋಸ ಎಂದರೆ ಮೋಸವೇ. ಆದರೆ ಆ ಹತ್ತು ಹದಿನೈದೂ ಒಂದಕ್ಕಿಂತ ಒಂದು ಗಟ್ಟಿ. 1985ರ ‘ಸೂಪರ್ ಮಾರಿಯೋ’ ಇಡೀ ಆಟ ಕೂತದ್ದು 40 ಕಿಲೋಬೈಟ್‌ನಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಬರುವ ಶುಭೋದಯದ ಗುಲಾಬಿ ಹೂವು ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಅದನ್ನು ಮಾಡಿದವರು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ. ಮೇಲಿದ್ದರೆ ಬಿಳಿ, ನೆಲದಲ್ಲಿದ್ದರೆ ಹಸಿರು. ಈ ಗುಟ್ಟು ನನಗೆ ಗೊತ್ತಾದದ್ದು ನಲವತ್ತರ ಹತ್ತಿರ ಬಂದ ಮೇಲೆ. ಈಗ ಯಾವ ಪೊದೆ ಕಂಡರೂ ಅದು ಬಿದ್ದ ಮೋಡವೇ.

ಡಬ್ಬಿಯ ಜೊತೆ ಬಂದಿದ್ದ, ಬಾತುಕೋಳಿ ಹೊಡೆಯುವ ಬಂದೂಕಿನ ಕಥೆ ಇನ್ನೂ ಸೊಗಸು. ಬಂದೂಕಿನಿಂದ ಏನೋ ಹೊರಟು ಟಿವಿಗೆ ತಾಗುತ್ತದೆ ಎಂದೇ ನಾವೆಲ್ಲ ನಂಬಿದ್ದೆವು. ಗಿರಣಿ ಮನೆಯ ಅಜ್ಜಿ ಟಿವಿಯ ಮುಂದೆ ಹಾಯುವಾಗ ಸೆರಗು ಅಡ್ಡ ಹಿಡಿದು ‘ನಿಲ್ಸ್ರಲೇ, ನಾ ದಾಟಿಕ್ಯಂತೀನಿ’ ಎನ್ನುತ್ತಿದ್ದರು. ನಿಜವಾಗಿ ನಡೆಯುತ್ತಿದ್ದದ್ದು ತಿರುವುಮುರುವು. ಬಂದೂಕು ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ. ಅದರ ನಳಿಗೆಯೊಳಗೆ ಬೆಳಕು ಗುರುತಿಸುವ ಒಂದು ಬಿಡಿಭಾಗ ಇದೆ. ಕುದುರೆ ಎಳೆದ ಕೂಡಲೇ ಕಣ್ಣು ಮಿಟುಕಿಸುವುದರೊಳಗೆ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಕಪ್ಪಿನ ಹಿಂದೆಯೇ ಬಿಳಿ ಕಂಡಿತೋ, ಗುರಿ ತಾಗಿದೆ. ಎರಡು ಕೋಳಿ ಇದ್ದರೆ ಎರಡು ಚೌಕ ಒಂದರ ಹಿಂದೊಂದು. ಯಾವಾಗ ಬೆಳಕು ಕಂಡಿತು ಎಂಬುದರ ಮೇಲೆ ಸತ್ತದ್ದು ಯಾವುದು ಎಂದು ತೀರ್ಮಾನ. ಉರಿಯುವ ಬಲ್ಬಿನ ಕಡೆ ಬಂದೂಕು ತಿರುಗಿಸಿ ಗೆಲ್ಲುತ್ತೇನೆ ಎನ್ನುವ ಜಾಣನಿಗೂ ಆ ಕಪ್ಪು ಕ್ಷಣವೇ ಉತ್ತರ. ಕಪ್ಪು ಇರಬೇಕಾದಾಗ ಬೆಳಕು ಕಂಡರೆ ಆಟ ಒಪ್ಪುವುದಿಲ್ಲ. ಇದೆಲ್ಲ ನಡೆಯಬೇಕಾದರೆ ಪರದೆ ಹೇಳಿದ ಕ್ಷಣಕ್ಕೆ ಸರಿಯಾಗಿ ಬೆಳಗಬೇಕು. ಹಳೆಯ ದಪ್ಪ ಹೊಟ್ಟೆಯ ಟಿವಿ ಹಾಗೆ ಬೆಳಗುತ್ತಿತ್ತು. ಈಗಿನ ಚಪ್ಪಟೆ ಟಿವಿ ಚಿತ್ರವನ್ನು ಒಳಗೆ ಒಂದಿಷ್ಟು ತಿದ್ದಿ ತೀಡಿ ಸ್ವಲ್ಪ ತಡವಾಗಿ ತೋರಿಸುತ್ತದೆ. ಅದಕ್ಕೇ ಆ ಬಂದೂಕು ಈಗ ಕುರುಡು.

ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂಬ ಹೆದರಿಕೆ ಬಳ್ಳಾರಿ ಜಿಲ್ಲೆಯ ಎಲ್ಲ ಅಪ್ಪಂದಿರಿಗೂ ಇತ್ತು. ಪೂರಾ ಸುಳ್ಳಲ್ಲ. ಒಂದೇ ಚಿತ್ರ ದಿನಗಟ್ಟಲೆ ಅಲುಗಾಡದೆ ನಿಂತರೆ ಟ್ಯೂಬಿನ ಒಳಲೇಪದ ಮೇಲೆ ಕಲೆ ಉಳಿಯುತ್ತದೆ. ನಮಗೆ ಸಿಗುತ್ತಿದ್ದ ಅರ್ಧ ತಾಸಿನಲ್ಲಿ ಕಲೆ ಬೀಳುವ ಮಾತಿರಲಿಲ್ಲ. ಟ್ಯೂಬು ಹೋಗುತ್ತಿದ್ದದ್ದು ವೋಲ್ಟೇಜಿನ ಏರಿಳಿತಕ್ಕೆ, ಬೈಸಿಕೊಳ್ಳುತ್ತಿದ್ದವರು ನಾವು.

ಕಾಂಟ್ರಾದಲ್ಲಿ ಒಬ್ಬನಿಗೆ ಮೂರು ಜೀವ. ಮೂರೂ ಹೋದರೆ ಕೈಯಿಂದ ರಿಮೋಟು ಬಿಡಬೇಕು (ಆ ಕೈಗುಂಡಿಗೆ ನಾವು ಅನ್ನುತ್ತಿದ್ದದ್ದು ರಿಮೋಟು ಅಂತಲೇ). ಮೂರರ ಬದಲು ಮೂವತ್ತು ಜೀವ ಪಡೆಯುವ ಮಂತ್ರ ಒಂದಿದೆ ಎಂಬ ಸುದ್ದಿ ಒಂದು ಬೇಸಿಗೆಯಲ್ಲಿ ಹರಡಿತು. ತಂದವನು ಗಡಿಯಾಚೆಯ ಆದೋನಿಯಿಂದ ನೆಂಟರ ಮನೆಗೆ ಬಂದ ಹುಡುಗ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ಹಾಗಾಗಿ ನಮ್ಮ ಓಣಿಯಲ್ಲಿ ಆ ಮಂತ್ರ ಇಂದಿಗೂ ತೆಲುಗಿನಲ್ಲೇ ಇದೆ: ಪೈಕಿ ಪೈಕಿ, ಕಿಂದಿಕಿ ಕಿಂದಿಕಿ, ಎಡಮ ಕುಡಿ ಎಡಮ ಕುಡಿ, ಬಿ ಎ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೋಟೊ ಎಂಬಾತ ‘ಗ್ರಾಡಿಯಸ್’ ಎಂಬ ಆಟವನ್ನು ಫ್ಯಾಮಿಕಾಮ್‌ಗೆ ಇಳಿಸುವಾಗ, ಅದು ತನಗೇ ಆಡಲಾಗದಷ್ಟು ಕಷ್ಟವಾಯಿತೆಂದು, ಪರೀಕ್ಷೆ ಮಾಡುವ ಸಲುವಾಗಿ ಒಳಗೆ ಇಟ್ಟುಕೊಂಡ ಒಳದಾರಿ ಅದು. 1986ರಲ್ಲಿ ಆಟ ಹೊರಬರುವಾಗ ಅದು ಒಳಗೇ ಉಳಿಯಿತು, ಆಮೇಲೆ ಕಾಂಟ್ರಾಕ್ಕೂ ಬಂತು. ಹಶಿಮೋಟೊ 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ಪುಸ್ತಕವಿಲ್ಲದೆ, ಇಂಟರ್‌ನೆಟ್ ಇಲ್ಲದೆ, ಬಾಯಿಂದ ಬಾಯಿಗೆ, ಜಪಾನಿನಿಂದ ಹೊರಟು ತೆಲುಗಾಗಿ ಸಿರುಗುಪ್ಪಕ್ಕೆ ಬಂದ ಈ ಮಾತು ನಮಗೆ ಒಂದು ಕಾಸೂ ಖರ್ಚಿಲ್ಲದೆ ಇಪ್ಪತ್ತೇಳು ಜೀವ ಕೊಟ್ಟಿತು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ರಜೆಗೆ ಕುರುಗೋಡಿನ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಟಿವಿ ಇತ್ತು, ಡಬ್ಬಿ ಇರಲಿಲ್ಲ. ದೊಡ್ಡಬಸವೇಶ್ವರನ ಜಾತ್ರೆಯ ಅಂಗಡಿಸಾಲಿನಲ್ಲಿ ಒಂದು ವರ್ಷ ಬಳೆ, ಬೆಂಡು ಬತ್ತಾಸುಗಳ ನಡುವೆ ಚೀನಾದ ಬ್ರಿಕ್ ಗೇಮ್ ಕಾಣಿಸಿಕೊಂಡಿತು. ಅಂಗೈಯಗಲದ ಬೂದು ಪರದೆ, ಮೇಲಿನಿಂದ ಉದುರುವ ಇಟ್ಟಿಗೆ. ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ಮಾಡಿದ ಟೆಟ್ರಿಸ್ ಅದು ಎಂದು ಮಾರುವವನಿಗೂ ಗೊತ್ತಿರಲಿಲ್ಲ, ಕೊಂಡ ನನಗೂ ಗೊತ್ತಿರಲಿಲ್ಲ. ಕರೆಂಟಿನ ಹಂಗಿಲ್ಲದ ಆಟ ನಾನು ಕಂಡದ್ದು ಅದೇ ಮೊದಲು. ಎರಡು ಪೆನ್ಸಿಲ್ ಸೆಲ್ ಸಾಕು. ಸೆಲ್ ಸೋತರೆ ದೊಡ್ಡಮ್ಮನ ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಡುತ್ತಿದ್ದೆ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಇನ್ನೊಂದು ಹತ್ತು ನಿಮಿಷ ಜೀವ ಬರುತ್ತಿತ್ತು. ಬಿಸಿಲಿಗೆ ನಮ್ಮ ಸೀಮೆಯಲ್ಲಿ ಎಂದೂ ಬರ ಇಲ್ಲವಲ್ಲ.

ಬಳ್ಳಾರಿಯಲ್ಲಿದ್ದ ಮಾವನ ಮನೆಯದು ಬೇರೆ ಮಾತು. ಅವರದು ಜೀನ್ಸ್ ಹೊಲಿಗೆ. ಪಡಸಾಲೆಯಲ್ಲಿ ನಾಲ್ಕು ಮಿಷಿನ್, ಮೂಲೆಯಲ್ಲಿ ಕಾಜಾ ಗುಂಡಿ ಮಾಡುವವರು, ಕೂಲಿ ಪೀಸಿನ ಲೆಕ್ಕ. ಕರೆಂಟ್ ಹೋದಾಗ ಸಿರುಗುಪ್ಪದಲ್ಲಿ ಕೂಗಾಟ ಏಳುತ್ತಿತ್ತು. ಇಲ್ಲಿ ನಾಲ್ಕೂ ಮಿಷಿನ್ ಒಮ್ಮೆಗೇ ನಿಂತು, ಯಾರೂ ಮಾತಾಡುತ್ತಿರಲಿಲ್ಲ. ನನ್ನದು ಹೋದರೆ ಆಟ, ಅವರದು ಆ ದಿನದ ಕೂಲಿ. ಕರೆಂಟ್ ಹೋಗುತ್ತಿದ್ದ ಕಾಲವೇ ಚೆನ್ನಾಗಿತ್ತು ಎಂದು ನಾನು ಬರೆಯಹೊರಟರೆ ಆ ಪಡಸಾಲೆ ನೆನಪಾಗಿ ಕೈ ತಡೆಯುತ್ತದೆ. ಆಮೇಲೆ 2000ರ ದಶಕದ ಕೊನೆಯಲ್ಲಿ ಹತ್ತಿರದ ಕುಡತಿನಿಯಲ್ಲೇ ಉಷ್ಣ ವಿದ್ಯುತ್ ಸ್ಥಾವರ ಬಂತು, ಈಗ ಅದರ ಸಾಮರ್ಥ್ಯ 1,700 ಮೆಗಾವಾಟ್.

ಬಳ್ಳಾರಿಯಲ್ಲಿ ದುಡ್ಡು ಹಾಕಿ ಆಡುವ ವಿಡಿಯೊ ಗೇಮ್ ಅಂಗಡಿಯೂ ಇತ್ತು. ಮಾವ ಕಟ್ಟುನಿಟ್ಟಾಗಿ ಹೇಳಿದ್ದರು: ‘ಅಲ್ಲಿ ಕಾಲಿಟ್ಟೆ ಅಂದ್ರ ಕಾಲು ಮುರೀತೀನಿ. ಅದು ಜೂಜು.’ ಅದು ಜೂಜೇ ಎಂಬ ಪ್ರಶ್ನೆ ಆಗಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು, ಅದೂ ನಮ್ಮ ರಾಜ್ಯದಿಂದಲೇ. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 1995ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ಇಂಥ ಅಂಗಡಿಗಳಿಗೆ ಸರ್ಕಾರ ಪರವಾನಗಿಯ ಕಟ್ಟಳೆ ಹಾಕಬಹುದು ಎಂದು ಎತ್ತಿಹಿಡಿಯಿತು. ಆಟ ಕೌಶಲದ್ದೋ ಅದೃಷ್ಟದ್ದೋ, ಪಣ ಇದೆಯೋ ಇಲ್ಲವೋ ಎಂಬುದೇ ಅಲ್ಲಿನ ತಕ್ಕಡಿ. ನಮ್ಮ ಕಾನೂನು ಆಮೇಲೆ ಮೂರು ದಶಕ ಅದೇ ತಕ್ಕಡಿ ಹಿಡಿದು ನಿಂತಿತ್ತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು.

ಸೈಬರ್ ಕೆಫೆಗಳ ಕಾಲವನ್ನು ಬೇಗ ದಾಟಿಬಿಡುತ್ತೇನೆ, ಆಗ ನಾನು ಆಡುವುದಕ್ಕಿಂತ ಅರ್ಜಿ ತುಂಬಿದ್ದೇ ಹೆಚ್ಚು. ಗಣಿಯ ದುಡ್ಡು ಊರಲ್ಲಿ ಓಡಾಡುತ್ತಿದ್ದ ವರ್ಷಗಳವು. ಸಂಡೂರಿನ ಅದಿರು ಲಾರಿಯೇರಿ ಬಂದರು ಸೇರಿ ಚೀನಾಕ್ಕೆ ಹೋಗುತ್ತಿತ್ತು, ಚೀನಾದಿಂದ ಮೌಸು, ಕೀಬೋರ್ಡು ಬರುತ್ತಿದ್ದವು, ಕೆಂಪು ಧೂಳು ಎರಡರ ಮೇಲೂ ಕೂರುತ್ತಿತ್ತು. ಹುಡುಗರು ಒಂದೇ ಕೋಣೆಯಲ್ಲಿ ಸಾಲಾಗಿ ಕೂತು ಕೌಂಟರ್ ಸ್ಟ್ರೈಕ್‌ನಲ್ಲಿ ಪರಸ್ಪರ ಗುಂಡು ಹಾರಿಸುತ್ತಿದ್ದರು. ಗಂಟೆ ಮುಗಿದರೆ ಮಾಲೀಕನೇ ಪರದೆಗೆ ಬೀಗ ಹಾಕುತ್ತಿದ್ದ. ಅಲ್ಲಿಯೂ ಆಟಕ್ಕೆ ಒಂದು ಕೊನೆ ಇತ್ತು.

ಸಿರುಗುಪ್ಪದ ಕಡೆ ಎಲ್ಲರ ಕೈಗೂ ಬಂದ ಮೊದಲ ಯಂತ್ರ ಎಂದರೆ 2003ರ ನೋಕಿಯಾ 1100. ನಮ್ಮಪ್ಪ ಅದನ್ನು ಕೊಂಡದ್ದು ಮಾತಾಡಲಿಕ್ಕೆ ಎನ್ನುವುದಕ್ಕಿಂತ ನೆತ್ತಿಯ ಮೇಲಿನ ಬ್ಯಾಟರಿ ಬೆಳಕಿಗೆ. ನಡುರಾತ್ರಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಗದ್ದೆಯ ಬದುವಿನ ಮೇಲೆ ಹಾವು ತುಳಿಯದೆ ನಡೆದು ಮೋಟರ್ ಚಾಲೂ ಮಾಡಬೇಕಲ್ಲ. ಧೂಳು ಹೊಗದ ಕೀಲಿಗಳು, ಜಾರದ ಮೈ, ದೀಪ. ನಮ್ಮಂಥ ಊರುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಫೋನು ಅದು, ಲೋಕದಲ್ಲಿ 25 ಕೋಟಿಯಷ್ಟು ಮಾರಾಟವಾಯಿತು. ಬದುವಿನ ಮೇಲೆ ಹಾವು ತಪ್ಪಿಸಿಕೊಂಡು ಹೋದ ಅಪ್ಪ, ಗದ್ದೆಗೆ ನೀರು ಏರುವವರೆಗೆ ಪಂಪ್ ಮನೆಯ ಕಟ್ಟೆಯ ಮೇಲೆ ಕೂತು ಅದೇ ಫೋನಿನಲ್ಲಿ ಹಾವಿನ ಆಟ ಆಡುತ್ತಿದ್ದರು. ತನ್ನ ಬಾಲ ತಾನೇ ಕಚ್ಚಿಕೊಂಡು ಹಾವು ಸತ್ತರೆ ಫೋನು ಜೇಬಿಗೆ ಹೋಗುತ್ತಿತ್ತು. ಇನ್ನೊಂದು ಆಟ ಆಡು ಬಾ ಎಂದು ಆ ಫೋನು ಒಮ್ಮೆಯೂ ಕರೆಯಲಿಲ್ಲ.

ಕರೆಯುವ ಆಟಗಳು ಬಂದದ್ದು ಆಮೇಲೆ. ‘ಕ್ಯಾಂಡಿ ಕ್ರಷ್’ 2012ರಲ್ಲಿ ಬಂತು. ಅದರಲ್ಲಿ ಐದು ಜೀವ. ಐದೂ ಹೋದರೆ ಅರ್ಧ ತಾಸಿಗೊಂದರಂತೆ ತಾನಾಗಿ ಹುಟ್ಟುತ್ತವೆ. ಕಾಯಲಾಗದಿದ್ದರೆ ದುಡ್ಡು ಕೊಡಿ, ಇಲ್ಲವೇ ಫೇಸ್‌ಬುಕ್‌ನಲ್ಲಿ ಗೆಳೆಯರನ್ನು ಬೇಡಿ. ‘ನನಗೊಂದು ಜೀವ ಕಳಿಸು’ ಎಂದು ನಮ್ಮಕ್ಕನಿಂದ ನಡುರಾತ್ರಿ ಸಂದೇಶ ಬಂದಾಗ ನಾನು ಗಾಬರಿಬಿದ್ದು ಫೋನ್ ಮಾಡಿದ್ದೇನೆ. ಆದೋನಿಯ ಹುಡುಗ ಬಿಟ್ಟಿ ಕೊಟ್ಟ ಇಪ್ಪತ್ತೇಳು ಜೀವದ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ಕಾಂಟ್ರಾದ ಕಂಪನಿಗೆ ಕ್ಯಾಸೆಟ್ಟು ಮಾರಿದ ದಿನವೇ ದುಡ್ಡು ಬಂದು ಮುಗಿದಿತ್ತು. (ನಾವು ಕೊಂಡದ್ದು ನಕಲಿಯಾದ್ದರಿಂದ ಅದೂ ಬರಲಿಲ್ಲ, ಪಾಪ.) ನಾವು ಆಡಿದರೂ ಬಿಟ್ಟರೂ ಅವರಿಗೆ ಲಾಭ ನಷ್ಟ ಇರಲಿಲ್ಲ. ಈಗಿನ ಆಟ ಬಿಟ್ಟಿ ಇಳಿಯುತ್ತದೆ, ಆಡುವವನು ನಾಳೆ ವಾಪಸ್ಸು ಬಂದರೆ ಮಾತ್ರ ಅದಕ್ಕೆ ಹೊಟ್ಟೆ ತುಂಬುತ್ತದೆ. ಆದ್ದರಿಂದ ನಿತ್ಯ ಬಂದವರಿಗೆ ನಿತ್ಯ ಪ್ರಸಾದ, ಒಂದು ದಿನ ತಪ್ಪಿಸಿದರೆ ಎಣಿಕೆ ಮತ್ತೆ ಒಂದರಿಂದ. ಆಟವನ್ನು ಮುಗಿಯಗೊಡದಿರುವುದೇ ಅಲ್ಲಿನ ಕಸುಬು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಬಿಟ್ಟಿಯಾದ ಮೇಲೆ ಈ ಕಸುಬಿಗೆ ಸಿರುಗುಪ್ಪವೂ ಕುರುಗೋಡೂ ಬೆಂಗಳೂರಿನಷ್ಟೇ ಹತ್ತಿರವಾದವು. ಹನ್ನೊಂದು ವರ್ಷ ತಡವಾಗಿ ಬರುವ ಕಾಲ ಮುಗಿಯಿತು. ಪಬ್‌ಜಿ 2018ರಲ್ಲಿ ಮೊಬೈಲಿಗೆ ಬಂದಾಗ ಕೊರಿಯಾದ ಸೋಲ್‌ನಲ್ಲಿ ಆಡುವವನೂ ತೆಕ್ಕಲಕೋಟೆಯಲ್ಲಿ ಆಡುವವನೂ ಒಟ್ಟಿಗೇ ಶುರುಮಾಡಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಅದನ್ನು ನಿಷೇಧಿಸಿತು, ಮರುವರ್ಷ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಆ ಆಟದ ಬಗ್ಗೆ ನ್ಯಾಯವಾಗಿ ಹೇಳಬೇಕು. ನೂರು ಜನ ಇಳಿದು, ಸುತ್ತಲ ವೃತ್ತ ಕಿರಿದಾಗುತ್ತ ಬಂದು, ಅರ್ಧ ತಾಸಿನೊಳಗೆ ಒಂದು ಪಂದ್ಯ ಮುಗಿಯುತ್ತದೆ. ಆಟವನ್ನು ಮುಗಿಸುವುದಕ್ಕೆ ಅಷ್ಟು ಜಾಣ ಉಪಾಯ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಪಂದ್ಯ ಮುಗಿದರೂ ದರ್ಜೆ ಮುಗಿಯುವುದಿಲ್ಲ, ಸೀಸನ್ ಮುಗಿದರೆ ಇನ್ನೊಂದು ಸೀಸನ್. ಅಂಗಿ, ಬಂದೂಕಿನ ಬಣ್ಣ, ಗೆಳೆಯರ ಪಟ್ಟಿ ಎಲ್ಲವೂ ಎಲ್ಲಿಯದೋ ಸರ್ವರ್‌ನಲ್ಲಿ. ಅಲ್ಲಿ ಕರೆಂಟ್ ಹೋಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ತಂಗಿಯ ಮಗನಿಗೆ ಹಳೆಯ ಕಾಂಟ್ರಾವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟೆ. ಮೂರು ಜೀವ ಮೂರು ನಿಮಿಷದಲ್ಲಿ ಹೋದವು. ‘ಮಾಮಾ, ಇದರಾಗ ಸೇವ್ ಇಲ್ಲೇನು?’ ಎಂದ. ಇಲ್ಲ ಎಂದೆ. ‘ಮತ್ತ ಮೊದ್ಲಿಂದ ಆಡ್ಬೇಕಾ?’ ಹೌದು ಎಂದೆ. ನಾಲ್ಕು ಸಲ ಸತ್ತ ಮೇಲೆ ಎದ್ದು ಹೊರಗೆ ಹೋಗಿ ಸೈಕಲ್ ಹತ್ತಿದ. ಯಾರೂ ಬೈದಿರಲಿಲ್ಲ.

2025ರ ಕಾನೂನು ಹಿಡಿಯುವುದು ಪಣದ ಆಟವನ್ನು. ಅರ್ಧ ತಾಸು ಕಾಯಲಾಗದವರಿಗೆ ಜೀವ ಮಾರುವ ಆಟದಲ್ಲಿ ಪಣವಿಲ್ಲ, ಗೆದ್ದರೆ ದುಡ್ಡು ವಾಪಸ್ಸು ಬರುವುದಿಲ್ಲ, ಆದ್ದರಿಂದ ಅದು ಜೂಜಲ್ಲ. ಮಾವ ಈಗ ಕಾಲು ಮುರಿಯುತ್ತೇನೆ ಎಂದು ಯಾವ ಅಂಗಡಿಯ ಮುಂದೆ ನಿಲ್ಲಬೇಕು? ಕೌಶಲವೋ ಅದೃಷ್ಟವೋ ಎಂದು ಮೂವತ್ತು ವರ್ಷ ತೂಗಿದ್ದು ಸಾಕು, ಆಟಕ್ಕೆ ಕೊನೆ ಇದೆಯೋ ಇಲ್ಲವೋ ಎಂಬುದನ್ನೂ ಯಾರಾದರೂ ತೂಗಬೇಕು ಎಂಬುದು ನನ್ನ ಅನಿಸಿಕೆ.

ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಆ ಡಬ್ಬಿ ಇದ್ದರೆ ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುವ ನಮ್ಮ ಹಳೇ ಚಟ ಬಿಡಿ. ಎಂಜಲಿನ ತೇವಕ್ಕೆ ಒಳಗಿನ ಹಲ್ಲುಗಳು ಕಿಲುಬು ಹಿಡಿಯುತ್ತವೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಬಂದೂಕೂ ಇದ್ದರೆ ದಪ್ಪ ಹೊಟ್ಟೆಯ ಹಳೇ ಟಿವಿಯನ್ನೂ ಇಟ್ಟುಕೊಳ್ಳಿ, ಬೇರೆ ಯಾವ ಟಿವಿಯಲ್ಲೂ ಬಾತುಕೋಳಿ ಬೀಳುವುದಿಲ್ಲ.